ಪುರಿಮ್ ದಿನ ರಬ್ಬಿಯನ್ನೇ ಗೇಲಿ ಮಾಡಬಹುದಂತೆ. ಹೊರಗಿನಿಂದ ಬಂದ ಅಳಿಯ ಎಷ್ಟು ನಗಿಸಬಹುದು?

ನ್ಯೂಜೆರ್ಸಿ_ಅಳಿಯ

ನಮಸ್ಕಾರ. ನನ್ನ ಹೆಂಡತಿ ಯಹೂದಿ. ಮಗಳು ಸಿನಗಾಗ್‌ನ (ಯಹೂದಿ ಪ್ರಾರ್ಥನಾ ಮಂದಿರದ) ಭಾನುವಾರದ ಪಾಠಶಾಲೆಗೆ ಹೋಗ್ತಾಳೆ. ಈ ಸಲ ಪುರಿಮ್ ಹಬ್ಬಕ್ಕೆ ಅವಳ ತರಗತಿಯ ಮಕ್ಕಳು ಅಪ್ಪನನ್ನೋ ಅಮ್ಮನನ್ನೋ ಜೊತೆಗೆ ನಿಲ್ಲಿಸಿಕೊಂಡು ಐದು ನಿಮಿಷ "ಪುರಿಮ್ ತೋರಾ" ಹೇಳಬೇಕಂತೆ, ಅಂದರೆ ತಮಾಷೆಯ ಪ್ರವಚನ. ಮಗಳು ನನ್ನನ್ನೇ ಆರಿಸಿದ್ದಾಳೆ.

ಹೋದ ವರ್ಷ ನೋಡಿದ್ದು ಹೇಳ್ತೀನಿ. ರಬ್ಬಿ, ಅಂದರೆ ಅಲ್ಲಿನ ಧರ್ಮಗುರು, ಕೋಳಿ ವೇಷದಲ್ಲಿ ಬಂದಿದ್ದರು. ಹೈಸ್ಕೂಲ್ ಹುಡುಗನೊಬ್ಬ ಅವರ ಥರಾನೇ ಗಡ್ಡ ನೀವಿಕೊಂಡು, ಅವರ ಥರಾನೇ ಮಾತೆಳೆದು ಪ್ರವಚನ ಬಿಗಿದ. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ರಬ್ಬಿಯೇ. ಅದಕ್ಕೆ ಮುಂಚೆ ಎಸ್ತೇರಳ ಗ್ರಂಥ ಓದಿದರು. ಪರ್ಷಿಯಾದಲ್ಲಿ ಯಹೂದಿಗಳನ್ನು ಕೊಲ್ಲಿಸಲು ಹೊರಟ ಮಂತ್ರಿ ಹಾಮಾನನಿಂದ ರಾಣಿ ಎಸ್ತೇರ್ ಮತ್ತು ಅವಳ ಬಂಧು ಮೊರ್ದೆಕೈ ತಮ್ಮವರನ್ನು ಉಳಿಸಿದ ಕಥೆ ಅದು, ಹಬ್ಬ ಅದರ ನೆನಪಿಗೆ. ಓದುವಾಗ ಹಾಮಾನನ ಹೆಸರು ಬಂದಾಗಲೆಲ್ಲ ಗಿಲಕಿ, ಶಿಳ್ಳೆ, ಕಾಲು ಕುಟ್ಟುವುದು. ಇದರಲ್ಲಿ ಮಕ್ಕಳು ಕಲಿಯೋದಾದರೂ ಏನು? ನಾನು ಯಾರ ಮನಸ್ಸೂ ನೋಯಿಸದೆ ಏನು ಹೇಳಬಹುದು?

---

ಹಳೆಪುಸ್ತಕ

ಇದು ಇವತ್ತಿನ ಅಮೆರಿಕದ ಹುಡುಗಾಟ ಅಲ್ಲ ಸರ್. ಕಲೋನಿಮಸ್ ಬೆನ್ ಕಲೋನಿಮಸ್ ಎಂಬ ವಿದ್ವಾಂಸ 14ನೇ ಶತಮಾನದಲ್ಲೇ ರೋಮ್‌ನಲ್ಲಿ ಕೂತು ತಾಲ್ಮುದ್‌ನ (ರಬ್ಬಿಗಳ ಶಾಸ್ತ್ರಚರ್ಚೆಯ ಹಳೆಯ ಮಹಾಗ್ರಂಥದ) ಅಣಕು ಬರೆದಿದ್ದ. ಪುರಿಮ್ ಊಟಕ್ಕೆ ಏನೇನು ಭಕ್ಷ್ಯ ಬೇಕು ಅಂತ ಮೋಶೆಗೆ ಸಿನಾಯ್ ಬೆಟ್ಟದಲ್ಲೇ ಅಪ್ಪಣೆಯಾಗಿತ್ತು ಎಂಬ ಧಾಟಿ. ಈಗಿನ ಬೆಲಾರುಸ್‌ನಲ್ಲಿರುವ ವೊಲೋಜಿನ್‌ನಲ್ಲಿ 19ನೇ ಶತಮಾನದ ದೊಡ್ಡ ಯೆಶಿವಾ (ಧರ್ಮಶಾಸ್ತ್ರದ ಪಾಠಶಾಲೆ) ಇತ್ತಲ್ಲ, ಅಲ್ಲಿ ಒಬ್ಬ ವಿದ್ಯಾರ್ಥಿ ಆ ದಿನದ ಮಟ್ಟಿಗೆ "ಪುರಿಮ್ ರಬ್ಬಿ" ಆಗಿ ಗುರುಗಳ ಪೀಠದಲ್ಲಿ ಕೂರುತ್ತಿದ್ದ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ 1946ರಿಂದ ಪ್ರೊಫೆಸರ್‌ಗಳು ಹನುಕ್ಕಾ ಹಬ್ಬದ ಕರಿದ ಆಲೂಗಡ್ಡೆ ತಿಂಡಿ ಲಾಟ್ಕೆ ಮೇಲೋ ಪುರಿಮ್‌ನ ಮೂರು ಮೂಲೆಯ ಸಿಹಿತಿಂಡಿ ಹಾಮಂಟಾಶ್ ಮೇಲೋ ಅಂತ ತಮ್ಮ ತಮ್ಮ ಶಾಸ್ತ್ರ ಹಿಡಿದು ವಾದ ಮಾಡ್ತಾ ಬಂದಿದ್ದಾರೆ. ಅದು ನಡೆಯೋದು ಪುರಿಮ್ ದಿನವಲ್ಲ, ಆದರೂ ಜಾತಿ ಒಂದೇ.

---

ಪೆತಾಹ್‌ಟಿಕ್ವಾ_ಅಕ್ಕ

ನಾನು ಮಂಗಳೂರು ಕಡೆಯವಳು, ಇಸ್ರೇಲಿನ ಪೆತಾಹ್ ಟಿಕ್ವಾದಲ್ಲಿ ಒಬ್ಬ ಅಜ್ಜನನ್ನು ನೋಡಿಕೊಳ್ಳುವ ಕೆಲಸ. ಅಜ್ಜ ಒಂದು ಕಾಲದಲ್ಲಿ ಸಿನಗಾಗ್‌ನಲ್ಲಿ ಮೆಗಿಲ್ಲಾ, ಅಂದರೆ ಎಸ್ತೇರಳ ಗ್ರಂಥ, ಓದುತ್ತಿದ್ದವರು. ಈಗ ವೀಲ್‌ಚೇರ್. ಆದರೆ ಪುರಿಮ್ ಬರುವ ಅದಾರ್ ತಿಂಗಳು ಹುಟ್ಟಿತೆಂದರೆ ಮಾತ್ರೆ ನುಂಗಿಸುವುದೂ ಕಷ್ಟ ಮಾರಾಯ್ರೆ, ಬಾಯಲ್ಲಿ ಸದಾ ಮೆಗಿಲ್ಲಾ. ಹಾಮಾನನ ಹತ್ತು ಮಕ್ಕಳ ಹೆಸರನ್ನು ಒಂದೇ ಉಸಿರಿನಲ್ಲಿ ಓದುವುದು ಪದ್ಧತಿ. ಪರ್ಷಂದಾತ, ದಲ್ಫೋನ್, ಅಸ್ಪಾತ ಅಂತ ಶುರು ಮಾಡಿ ವೈಜಾತ ಮುಟ್ಟುವಷ್ಟರಲ್ಲಿ ಮುಖ ಕೆಂಪು, ನನಗೆ ಆಕ್ಸಿಜನ್ ಮೀಟರ್ ಹುಡುಕುವ ಗಡಿಬಿಡಿ. ಅವರಿಗೆ ನಗು.

ಮಕ್ಕಳು ಏನು ಕಲಿಯುತ್ತಾರೆ ಅಂತ ಕೇಳಿದಿರಿ. ಗಿಲಕಿ ಹಿಡಿದ ಮಗುವನ್ನೇ ಗಮನಿಸಿ. ಹಾಮಾನನ ಹೆಸರು 54 ಸಲ ಬರುತ್ತದೆ, ಆದರೆ ಎಲ್ಲಿ ಬರುತ್ತದೆ ಅಂತ ಯಾರೂ ಕೈಸನ್ನೆ ಮಾಡುವುದಿಲ್ಲ. ಕಾಯಬೇಕು. ಓದುವುದು ಹೀಬ್ರೂವಿನಲ್ಲಿ, ಅದೂ ರಾಗವಾಗಿ. ಬೇರೆ ದಿನ ಪ್ರಾರ್ಥನೆಯ ನಡುವೆ ಆಕಳಿಸುವ ಹುಡುಗ ಅವತ್ತು ಗಿಲಕಿ ಎತ್ತಿ ಹಿಡಿದು, ಬಾಯಿ ಅರ್ಧ ತೆರೆದು, ಒಂದೊಂದು ಶಬ್ದವನ್ನೂ ಕಿವಿಗೆ ಹಾಕಿಕೊಳ್ಳುತ್ತಾನೆ. ನಿಯಮ ಇರುವುದೂ ಹಾಗೇ: ಮೆಗಿಲ್ಲಾದ ಒಂದು ಮಾತೂ ಕೇಳದೆ ಹೋಗಬಾರದು. ಗಲಾಟೆ ನಿಲ್ಲುವವರೆಗೆ ಓದುವವರು ಕಾಯುತ್ತಾರೆ, ಕೈ ಎತ್ತಿದ ಕೂಡಲೇ ಎಲ್ಲರೂ ಗಪ್‌ಚಿಪ್. ನಮ್ಮ ಅಜ್ಜನಿಗಂತೂ, ಕೈ ಎತ್ತಿದ ಮೇಲೂ ಟರ್ ಅನ್ನಿಸುವವರ ಮೇಲೆ ಭಯಂಕರ ಸಿಟ್ಟು. ಅದರಲ್ಲಿ ಹೆಚ್ಚಿನವರು ಮಕ್ಕಳಲ್ಲ, ಅಪ್ಪಂದಿರು ಅನ್ನುತ್ತಾರೆ.

ಇನ್ನು ನಿಮ್ಮ ಐದು ನಿಮಿಷ. ಪುರಿಮ್ ತೋರಾದಲ್ಲಿ ದಾರಿ ಪೂರ್ತಿ ಶಾಸ್ತ್ರೋಕ್ತ, ಮುಟ್ಟುವ ಊರು ಮಾತ್ರ ಹುಚ್ಚು. ನಮ್ಮ ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿ ಪುರಾಣದ್ದೇ ಆಧಾರ ಕೊಟ್ಟು ಎದುರಾಳಿಯನ್ನು ಸಿಕ್ಕಿಸುತ್ತಾನಲ್ಲ, ಆ ಜಾಣತನ ಬೇಕು. ಗ್ರಂಥ ಬಾರದವನಿಗೆ ಅಲ್ಲಿ ನಗಿಸಲಿಕ್ಕೇ ಆಗುವುದಿಲ್ಲ.

ಅಜ್ಜ ನನಗೆ ಹೇಳಿದ ತಾಲ್ಮುದ್ ಕಥೆ: ಪಾರಿವಾಳದ ಗೂಡಿನಿಂದ 50 ಮೊಳದೊಳಗೆ ಮರಿ ಸಿಕ್ಕಿದರೆ ಗೂಡಿನ ಯಜಮಾನನದು, ಅದಕ್ಕಿಂತ ಆಚೆ ಸಿಕ್ಕಿದರೆ ಸಿಕ್ಕಿದವನದು. ರಬ್ಬಿ ಯಿರ್ಮಿಯಾ ಎದ್ದು, "ಮರಿಯ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇದ್ದರೆ?" ಅಂದರಂತೆ. ಅದಕ್ಕೇ ಅವರನ್ನು ಪಾಠಶಾಲೆಯಿಂದ ಹೊರಗೆ ಹಾಕಿದರು! ಮುಂದೆ ವಾಪಸ್ ಸೇರಿಸಿಕೊಂಡರೂ ಅನ್ನಿ. ಪುರಿಮ್ ದಿನ ಆ ಒಂದು ಕಾಲಿನ ಪ್ರಶ್ನೆಗೇ ಮೊದಲ ಮಣೆ.

ನಿಮ್ಮ ಮಗಳಿಗೆ ಒಂದು ಪ್ರಶ್ನೆ ಕೊಡುತ್ತೇನೆ. ಮೆಗಿಲ್ಲಾದ ಕಥೆಯ ರಾಜ ಅಹಷ್ವೇರೋಷ 180 ದಿನ ಔತಣ ಕೊಟ್ಟ, ಮತ್ತೆ 7 ದಿನ ಕೊಟ್ಟ. ಅಷ್ಟು ಬಟ್ಟಲು ತೊಳೆದವರು ಯಾರು? ಒಂದನೇ ಅಧ್ಯಾಯ, 7ನೇ ವಚನ ಓದಿಸಿ: ಬಂಗಾರದ ಬಟ್ಟಲುಗಳು ಒಂದರಂತೆ ಇನ್ನೊಂದಿರಲಿಲ್ಲ. ಅಂದರೆ ಯಾವ ಬಟ್ಟಲೂ ಎರಡನೇ ಸಲ ಬರಲಿಲ್ಲ, ಅಂದರೆ ಯಾರೂ ತೊಳೆಯಲೇ ಇಲ್ಲ. ಹಾಗಾದರೆ ಎಂಜಲು ಬಟ್ಟಲು ಹೋದದ್ದೆಲ್ಲಿಗೆ? ರಾಜನಿಗಿದ್ದದ್ದು 127 ಸಂಸ್ಥಾನ, ಅಲ್ಲಿಗೇ ಸಾಗಿಸಿರಬೇಕು. ಪುರಾವೆ ಎರಡನೇ ಅಧ್ಯಾಯ, 18ನೇ ವಚನ: ಎಸ್ತೇರಳ ಔತಣದ ಹೊತ್ತಿಗೆ ರಾಜ ಸಂಸ್ಥಾನಗಳಿಗೆ ವಿನಾಯಿತಿ ಕೊಟ್ಟ. ಯಾವುದರಿಂದ ವಿನಾಯಿತಿ? ಬಟ್ಟಲು ತೊಳೆಯುವುದರಿಂದ!

ಇದನ್ನು ಹೇಳುವವಳು ನಗಬಾರದು. ಗಂಟು ಮುಖ, ಬೆರಳಿನ ಸನ್ನೆ, "ಇಲ್ಲಿ ಒಂದು ಆಕ್ಷೇಪ ಏಳುತ್ತದೆ" ಎಂಬ ಧಾಟಿ ಕಡ್ಡಾಯ.

---

ನ್ಯೂಜೆರ್ಸಿ_ಅಳಿಯ

ಅಕ್ಕಾ, ಬಟ್ಟಲು ನಮ್ಮದಾಯ್ತು, ಥ್ಯಾಂಕ್ಸ್. ಆದರೆ ನಾನು ಯಾರನ್ನು ಗೇಲಿ ಮಾಡಬಹುದು, ಯಾರನ್ನು ಬಿಡಬೇಕು? ಮತ್ತೆ ಕುಡಿತ? ಗೊತ್ತಿರುವವರೊಬ್ಬರು ಗ್ಲಾಸ್ ಹಿಡಿದು "ಇದೂ ಧರ್ಮವೇ" ಅಂತಿದ್ರು.

---

ಪೆತಾಹ್‌ಟಿಕ್ವಾ_ಅಕ್ಕ

ರಬ್ಬಿಯನ್ನು, ಆಡಳಿತ ಮಂಡಳಿಯ ಅಧ್ಯಕ್ಷರನ್ನು, ಉದ್ದ ಭಾಷಣ ಮಾಡುವವರನ್ನು ಮಾಡಬಹುದು. ಅದೂ ಅವರ ಅಭ್ಯಾಸವನ್ನು, ಮೈಕಟ್ಟನ್ನಲ್ಲ. ನಿಮ್ಮನ್ನೇ ಎಷ್ಟು ಬೇಕಾದರೂ ಗೇಲಿ ಮಾಡಿಕೊಳ್ಳಿ, ಅಳಿಯನಿಗೆ ಅದೇ ಕ್ಷೇಮ. ಹೊಸದಾಗಿ ಧರ್ಮಕ್ಕೆ ಸೇರಿದವರು, ಓದು ತಡವರಿಸುವ ಮಕ್ಕಳು, ಮನೆಯಲ್ಲಿ ಸಾವಾದವರು, ಇವರ ತಂಟೆಗೆ ಹೋಗಬೇಡಿ. "ಯಹೂದಿಗಳು ಹೀಗೆ" ಅನ್ನುವ ಜೋಕು ಅವರು ಹೇಳಿದರೆ ಚೆಂದ, ನಿಮ್ಮ ಬಾಯಲ್ಲಿ ಬೇಡ.

ಕುಡಿತದ್ದು ತಾಲ್ಮುದ್‌ನಲ್ಲಿ ಇರುವುದು ಹೌದು: "ಹಾಮಾನನಿಗೆ ಶಾಪ, ಮೊರ್ದೆಕೈಗೆ ಆಶೀರ್ವಾದ" ಎರಡಕ್ಕೂ ವ್ಯತ್ಯಾಸ ತಿಳಿಯದಷ್ಟು. ಆದರೆ ಅದರ ಕೆಳಗೇ ಇನ್ನೊಂದು ಕಥೆ ಇದೆ, ಗ್ಲಾಸ್ ಹಿಡಿದವರು ಅದನ್ನು ಹೇಳುವುದಿಲ್ಲ. ರಬ್ಬಾ ಮತ್ತು ರಬ್ಬಿ ಝೇರಾ ಜೊತೆಗೆ ಪುರಿಮ್ ಊಟ ಮಾಡಿದರು. ಅಮಲಿನಲ್ಲಿ ರಬ್ಬಾ ಎದ್ದು ಝೇರಾರ ಕುತ್ತಿಗೆಯನ್ನೇ ಕೊಯ್ದ. ಮರುದಿನ ಪ್ರಾರ್ಥಿಸಿ ಬದುಕಿಸಿದ. ಮುಂದಿನ ವರ್ಷ "ಬನ್ನಿ, ಒಟ್ಟಿಗೆ ಹಬ್ಬ ಮಾಡೋಣ" ಅಂತ ಕರೆದಾಗ ಝೇರಾ, "ಪ್ರತಿ ಸಲವೂ ಪವಾಡ ನಡೆಯುವುದಿಲ್ಲ" ಅಂದರು.

---

ಕೆಂಪು_ಶಾಯಿ

ಎಲ್ಲರೂ ನಗ್ತಿದ್ದೀರಿ, ಒಂದು ಮಾತು. ಮೆಗಿಲ್ಲಾದ ಒಂಬತ್ತನೇ ಅಧ್ಯಾಯದಲ್ಲಿ ಯಹೂದಿಗಳ ಕೈಯಲ್ಲಿ ಅವರ ಶತ್ರುಗಳು 75,000 ಜನ ಸತ್ತರು ಅಂತಿದೆ. ಮಕ್ಕಳ ಹಬ್ಬದಲ್ಲಿ ಇದನ್ನು ಏನು ಮಾಡ್ತಾರೆ?

---

ಪೆತಾಹ್‌ಟಿಕ್ವಾ_ಅಕ್ಕ

ನ್ಯಾಯವಾದ ಪ್ರಶ್ನೆ. ಹತ್ತು ಮಕ್ಕಳ ಹೆಸರನ್ನು ಒಂದೇ ಉಸಿರಿಗೆ ಓದಿ ಮುಗಿಸುವುದು ಶತ್ರುವಿನ ಸಾವನ್ನು ನಿಧಾನವಾಗಿ ಸವಿಯಬಾರದು ಅಂತಲೂ ಹೌದು ಅಂತ ಅಜ್ಜನ ಅಭಿಪ್ರಾಯ. ತಾಲ್ಮುದ್ ಕೊಡುವ ಕಾರಣ ಬೇರೆ, ಹತ್ತು ಜನರ ಪ್ರಾಣವೂ ಒಟ್ಟಿಗೆ ಹೋಯಿತು ಅಂತ. ನನಗೆ ಅಜ್ಜನದೇ ಹಿಡಿಸಿತು. ಚಿಕ್ಕ ಮಕ್ಕಳ ನಾಟಕದಲ್ಲಿ ಆ ಭಾಗ ಬಿಡಲಿ, ಆದರೆ ಹನ್ನೆರಡು ದಾಟಿದವರ ತರಗತಿಯಲ್ಲಿ ನಗು ನಿಲ್ಲಿಸಿ ಕೂತು ಓದಲೇಬೇಕು.

---

ಹಳೆಪುಸ್ತಕ

ಅಕ್ಕ, ಬಟ್ಟಲಿನ ವಾದಕ್ಕೆ ನನ್ನದೊಂದು ಆಕ್ಷೇಪ. ಬಟ್ಟಲು ಒಂದರಂತೆ ಒಂದಿರಲಿಲ್ಲ ಎಂಬ ವಚನ ಕೊನೆಯ 7 ದಿನದ ಔತಣದ್ದು. ಮೊದಲ 180 ದಿನ ತೊಳೆದವರು ಯಾರು?

---

ಪೆತಾಹ್‌ಟಿಕ್ವಾ_ಅಕ್ಕ

ಅಬ್ಬ, ಸಿಕ್ಕಿಸಿದಿರಿ! ಎಸ್ತೇರಳಿಗಿಂತ ಮುಂಚಿನ ರಾಣಿ ವಷ್ಟಿ, ಔತಣದ ಹೊತ್ತಿಗೆ ರಾಜ ಕರೆದಾಗ ಯಾಕೆ ಬರಲಿಲ್ಲ ಅಂತ ಗ್ರಂಥದಲ್ಲಿ ಕಾರಣ ಹೇಳಿಲ್ಲ. ಅಳಿಯಂದಿರೇ, ಅಲ್ಲಿಂದ ಮುಂದಕ್ಕೆ ಮಗಳು ನೋಡಿಕೊಳ್ಳಲಿ. ನೀವು ಪಕ್ಕದಲ್ಲಿ ನಿಂತು ಎಂಜಲು ಬಟ್ಟಲು ಹಿಡಿದುಕೊಂಡರೆ ಸಾಕು.