ಎನ್‌ಎಂಡಿಸಿಗೆ ಹತ್ತು ವರ್ಷದ ಹಣದುಬ್ಬರ ಸರಿಪಡಿಸಿದ ಪಿಇ ಹಾಕಿದರೆ 3.9 ಬರ್ತಿದೆ. ಎಲ್ಲಿ ತಪ್ಪಿದ್ದೀನಿ?

ಕೆಂಪುಧೂಳು:
ಎಲ್ಲರಿಗೂ ನಮಸ್ಕಾರ. ಊರು ಹೊಸಪೇಟೆ ಕಡೆ, ಕೆಲಸ ಬೆಂಗಳೂರಲ್ಲಿ. ದೋಣಿಮಲೈ ಅದಿರು ಲಾರಿಗಳನ್ನ ನೋಡ್ತಾ ಬೆಳೆದವನು, ಹಾಗಾಗಿ ಮೊದಲ ಪ್ರಯೋಗಕ್ಕೆ ಅಲ್ಲಿ ಗಣಿ ಇರೋ ಸರ್ಕಾರಿ ಕಬ್ಬಿಣದ ಅದಿರು ಕಂಪನಿ ಎನ್‌ಎಂಡಿಸಿನೇ ಆರಿಸಿಕೊಂಡೆ.

ಮಾಡಿದ್ದು ಇಷ್ಟು. 2015-16ರಿಂದ 2024-25ರವರೆಗೆ ಹತ್ತು ವರ್ಷದ ಇಪಿಎಸ್ (ಒಂದು ಷೇರಿಗೆ ಬಂದ ಲಾಭ) ಅನ್ನ ಆಯಾ ವರ್ಷದ ವಾರ್ಷಿಕ ವರದಿಯಿಂದ ತೆಗೆದು ಶೀಟ್‌ಗೆ ಹಾಕಿದೆ. ಪ್ರತಿಯೊಂದನ್ನೂ ಹಣದುಬ್ಬರ ಸೂಚ್ಯಂಕದಿಂದ 2024-25ರ ರೂಪಾಯಿಗೆ ತಂದೆ. ಸರಾಸರಿ 18 ರೂಪಾಯಿ ಚಿಲ್ಲರೆ ಬಂತು. ಷೇರು ಬೆಲೆ ಲೆಕ್ಕಕ್ಕೆ ಅಂತ 70 ರೂಪಾಯಿ ಇಟ್ಟುಕೊಂಡಿದ್ದೀನಿ. ಭಾಗಿಸಿದರೆ 3.9! ಮಾಮೂಲಿ ಪಿಇ (ಬೆಲೆಯನ್ನ ಒಂದೇ ವರ್ಷದ ಇಪಿಎಸ್‌ನಿಂದ ಭಾಗಿಸಿದ್ದು) ನೋಡಿದರೆ 9ರ ಮೇಲಿದೆ. ಹೀಗೆ ಹತ್ತು ವರ್ಷದ ಸರಾಸರಿ ಹಿಡಿಯೋ ಶಿಲ್ಲರ್ ವಿಧಾನದಲ್ಲಿ ಹಳೆಯ ಕಡಿಮೆ ಲಾಭಗಳೂ ಸೇರೋದರಿಂದ ಬೆಳೀತಿರೋ ಕಂಪನಿಗೆ ಪಿಇ ಜಾಸ್ತಿ ಬರಬೇಕಲ್ವಾ? ನನಗೆ ಉಲ್ಟಾ ಬಂದಿದೆ. ಫಾರ್ಮುಲಾ ಮೂರು ಸಲ ನೋಡಿದೆ, ಸರಿಯಿದೆ.

ಬಡ್ಡಿಲೆಕ್ಕ:
ಫಾರ್ಮುಲಾ ಸರಿಯೇ ಇರುತ್ತೆ ಬಿಡಿ, ಒಳಗೆ ಹಾಕಿದ ಸರಕು ನೋಡಿ. 2021-22ಕ್ಕೆ ಇಪಿಎಸ್ ಎಷ್ಟು ಹಾಕಿದ್ದೀರಿ?

ಕೆಂಪುಧೂಳು:
32 ರೂಪಾಯಿ. ಲಾಭ ಸುಮಾರು 9,400 ಕೋಟಿ, ಷೇರು 293 ಕೋಟಿ. ವರದಿಯಲ್ಲೂ ಹಾಗೇ ಇದೆ.

ಬಡ್ಡಿಲೆಕ್ಕ:
ಅಲ್ಲೇ ಸಿಕ್ಕಿಬಿದ್ರಿ. 2024ರ ಡಿಸೆಂಬರ್‌ನಲ್ಲಿ ಬೋನಸ್ ಷೇರು ಕೊಟ್ಟಿದ್ದಾರೆ, ಇದ್ದ ಒಂದಕ್ಕೆ ಪುಕ್ಕಟೆ ಇನ್ನೆರಡು. 293 ಕೋಟಿ ಷೇರು 879 ಕೋಟಿ ಆಯ್ತು. ನಿಮ್ಮ 70 ರೂಪಾಯಿ ಬೋನಸ್ ಆದ ಮೇಲಿನ ಬೆಲೆ, 32 ರೂಪಾಯಿ ಬೋನಸ್‌ಗೆ ಮುಂಚಿನ ಲಾಭ. ಇಡೀ ತೆಂಗಿನಕಾಯಿ ಲಾಭವನ್ನ ಒಂದು ಹೋಳಿನ ಬೆಲೆಗೆ ಹೋಲಿಸಿದ ಹಾಗೆ. 2023-24ರವರೆಗಿನ ಒಂಬತ್ತೂ ಇಪಿಎಸ್ ಅನ್ನ ಮೂರರಿಂದ ಭಾಗಿಸಿ. 2024-25ರ ಏಳೂವರೆ ರೂಪಾಯಿ ಆಗಲೇ ಹೊಸ ಲೆಕ್ಕದ್ದು, ಅದನ್ನ ಮುಟ್ಟಬೇಡಿ.

ಕೆಂಪುಧೂಳು:
ಛೇ! ಬೋನಸ್ ಷೇರು ನನ್ನ ಡಿಮ್ಯಾಟ್‌ಗೇ ಬಂದಿತ್ತು, ಆದರೂ ಹೊಳೀಲಿಲ್ಲ. ಈಗ ಸರಾಸರಿ 6.5 ರೂಪಾಯಿ, ಪಿಇ 10.7. ಬದುಕಿಕೊಂಡೆ.

ಇನ್ನೊಂದು ಅನುಮಾನ. ಷೇರು ಸಂಖ್ಯೆ ಹೀಗೆ ಬದಲಾಗ್ತಾ ಇದ್ದರೆ, ಪ್ರತಿ ವರ್ಷದ ಒಟ್ಟು ಲಾಭವನ್ನ ಸೀದಾ ಇವತ್ತಿನ 879 ಕೋಟಿಯಿಂದ ಭಾಗಿಸಿದರೆ ಸುಲಭ ಅಲ್ವಾ?

ಬಡ್ಡಿಲೆಕ್ಕ:
ಬೋನಸ್ ಮಾತ್ರ ಆಗಿದ್ದರೆ ನಡೀತಿತ್ತು. ಆದರೆ ಬೈಬ್ಯಾಕ್ ಕೂಡ ಆಗಿದೆ. 2016ರಲ್ಲಿ 94 ರೂಪಾಯಿಯಂತೆ 80 ಕೋಟಿ ಷೇರು ವಾಪಸ್ ತಗೊಂಡರು, ಏಳೂವರೆ ಸಾವಿರ ಕೋಟಿ ಹೊರಗೆ ಹೋಯ್ತು. ಆಮೇಲೆ 98ಕ್ಕೆ, 105ಕ್ಕೆ ಇನ್ನೆರಡು ಸಣ್ಣವು. ಅದಕ್ಕೆ ಮುಂಚಿನ ಲಾಭದಲ್ಲಿ ಬ್ಯಾಂಕಲ್ಲಿಟ್ಟ ದುಡ್ಡಿನ ಬಡ್ಡಿಯೇ ವರ್ಷಕ್ಕೆ ಎರಡು ಸಾವಿರ ಕೋಟಿ ಮೇಲಿತ್ತು. ಆ ಅಸಲು ಕೊಟ್ಟು ಷೇರು ಕಡಿಮೆ ಮಾಡಿದ ಮೇಲೆ, ಬಡ್ಡಿಯನ್ನೂ ಲೆಕ್ಕಕ್ಕೆ ಹಿಡಿದು ಕಡಿಮೆಯಾದ ಷೇರಿಗೂ ಭಾಗಿಸಿದರೆ ಒಂದೇ ದುಡ್ಡು ಎರಡು ಸಲ ಎಣಿಸಿದಂತೆ. ಆಯಾ ವರ್ಷದ ಇಪಿಎಸ್ ತಗೊಂಡು ಬೋನಸ್‌ಗೆ ಮಾತ್ರ ಸರಿಪಡಿಸಿ.

ಮಲ್ಲಿಗೆ_ಮೊಗ್ಗು:
ಮಧ್ಯೆ ಬಾಯಿ ಹಾಕ್ತಿದ್ದೀನಿ. ಹಣದುಬ್ಬರಕ್ಕೆ ಯಾವ ಸೂಚ್ಯಂಕ ಬಳಸಿದ್ದೀರಿ?

ಕೆಂಪುಧೂಳು:
ಆದಾಯ ತೆರಿಗೆ ಇಲಾಖೆಯದ್ದು ಮೇಡಂ. 2015-16ಕ್ಕೆ 254, 2024-25ಕ್ಕೆ 363. ಅಪ್ಪನ ಸೈಟು ಮಾರಿದಾಗ ಆಡಿಟರ್ ಇದನ್ನೇ ಹಾಕಿದ್ದರು, ಪಟ್ಟಿ ಕೈಯಲ್ಲೇ ಇತ್ತು.

ಮಲ್ಲಿಗೆ_ಮೊಗ್ಗು:
ಅಂದುಕೊಂಡೆ. ಅದು ಹಣದುಬ್ಬರದ ಅಳತೆಗೋಲಲ್ಲ, ತೆರಿಗೆಯ ಅಳತೆಗೋಲು. ನಗರ ಗ್ರಾಹಕ ಬೆಲೆ ಸೂಚ್ಯಂಕ (ಸಿಪಿಐ) ಎಷ್ಟು ಏರಿತೋ ಅದರ ಶೇ 75 ಮಾತ್ರ ಅದರಲ್ಲಿ ಸೇರುತ್ತೆ. ಹಾಗಂತ ಕಾನೂನಲ್ಲೇ ಬರೆದಿದೆ. ನಿಮ್ಮ ಪಟ್ಟಿಯಲ್ಲಿ ಒಂಬತ್ತು ವರ್ಷಕ್ಕೆ ಶೇ 43 ಏರಿಕೆ. 2012ರ ಆಧಾರದ ಸಿಪಿಐಯಲ್ಲಿ ಅದೇ ಅವಧಿಗೆ ಶೇ 54ರ ಆಸುಪಾಸು. 2019-20ರ ಸರಾಸರಿ 146.3, 2021-22ರದು 163.8, 2024-25ರದು 192.6. ವರ್ಷದ ಸರಾಸರಿಯನ್ನೇ ಹಾಕಿ, ಮಾರ್ಚ್ ತಿಂಗಳದ್ದಲ್ಲ, ಯಾಕಂದ್ರೆ ಲಾಭ ಹನ್ನೆರಡು ತಿಂಗಳೂ ಬಂದದ್ದು.

ಕೆಂಪುಧೂಳು:
ಹಾಕಿದೆ. 6.7 ರೂಪಾಯಿ, ಪಿಇ 10.4. ಇಷ್ಟೇನಾ! ಅಷ್ಟು ದೊಡ್ಡ ತಪ್ಪಿಗೆ 10.7 ಹೋಗಿ 10.4 ಆಯ್ತು ಅಷ್ಟೇ.

ಚಾರ್ಟ್‌_ಚಂದ್ರಣ್ಣ:
ಹತ್ತು ವರ್ಷ ಸಾಲದು ತಮ್ಮಾ. ಗಣಿ ಚಕ್ರ ದೊಡ್ಡದು. 2015ರ ಕೊನೆಗೆ ಅದಿರು ಟನ್‌ಗೆ 40 ಡಾಲರ್‌ಗೂ ಕೆಳಗೆ ಬಿದ್ದಿತ್ತು, 2021ರ ಮೇ ತಿಂಗಳಲ್ಲಿ 200 ದಾಟಿತು. ನಿನ್ನ ಹತ್ತು ವರ್ಷದಲ್ಲಿ ಒಂದು ಹಳ್ಳ, ಒಂದು ಗುಡ್ಡ ಅಷ್ಟೇ ಇದೆ. 2010-11ರಿಂದ ಹಿಡಿ, ಚೀನಾ ಬೂಮಿನ ತುದಿಯೂ ಸೇರಲಿ. ಎರಡು ಗುಡ್ಡ ಸಿಗುತ್ತೆ. ಹೂಡಿಕೆ ಗುರುಗಳಾದ ಗ್ರಹಾಂ, ಡಾಡ್ 1934ರಲ್ಲೇ ಹಲವು ವರ್ಷದ ಸರಾಸರಿ ತಗೊಳ್ಳಿ ಅಂದಿದ್ದರು. ಹತ್ತೇ ಅಂತ ಶಾಸ್ತ್ರ ಇಲ್ಲ.

ಕೆಂಪುಧೂಳು:
ಚಂದ್ರಣ್ಣ, ಹಾಗೇ ಮಾಡಿ ನೋಡಿದೆ. 2010-11ರಿಂದ 2014-15ರವರೆಗೆ ಐದೂ ವರ್ಷ ಲಾಭ 6,300 ಕೋಟಿ ಮೇಲೆ, 2011-12ರಲ್ಲಂತೂ ಸುಮಾರು 7,265 ಕೋಟಿ. ಅವನ್ನ ಇವತ್ತಿನ ರೂಪಾಯಿಗೆ ತಂದರೆ ಸುಮಾರು ದುಪ್ಪಟ್ಟಾಗುತ್ತೆ. ಪಿಇ ಇನ್ನೂ ಕೆಳಗಿಳೀತಿದೆ. ಅಂದ್ರೆ ಷೇರು ನಿಜಕ್ಕೂ ಅಗ್ಗವಾ?

ಸಂಡೂರು_ಲೆಡ್ಜರ್:
ನಾನು ಗಣಿ ಕಂಪನಿಯೊಂದರ ಅಕೌಂಟ್ಸ್‌ನಲ್ಲಿ ಇಪ್ಪತ್ತೆರಡು ವರ್ಷ ರಾಯಲ್ಟಿ, ಅಂದ್ರೆ ತೆಗೆದ ಅದಿರಿಗೆ ಸರ್ಕಾರಕ್ಕೆ ಕಟ್ಟೋ ಪಾಲು, ಅದರ ಚಲನ್ ತುಂಬಿದವನು (ಎನ್‌ಎಂಡಿಸಿ ಅಲ್ಲ). ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡ್ರಿ.

ಇಲ್ಲಿವರೆಗೂ ನೀವೆಲ್ಲ ತಿದ್ದಿದ್ದು ರೂಪಾಯಿಯನ್ನ. ತಿದ್ದಬೇಕಾದದ್ದು ಗಣಿಯನ್ನ.

2011-12 ತಗೊಳ್ರಿ. ಆ ವರ್ಷ ಕಂಪನಿ ತೆಗೆದದ್ದು ಸುಮಾರು 2.7 ಕೋಟಿ ಟನ್. 7,265 ಕೋಟಿ ಲಾಭ ಅಂದ್ರೆ ಟನ್‌ಗೆ 2,600 ರೂಪಾಯಿ ಮೇಲೆ. ಇವತ್ತಿನ ದುಡ್ಡಲ್ಲಿ ಐದು ಸಾವಿರ ದಾಟುತ್ತೆ. 2024-25ರಲ್ಲಿ ತೆಗೆದದ್ದು 4.4 ಕೋಟಿ ಟನ್, ಲಾಭ ಟನ್‌ಗೆ ಸುಮಾರು 1,500. ಗುಡ್ಡ ಛತ್ತೀಸ್‌ಗಢದ ಅದೇ ಬೈಲಾಡಿಲಾ, ಅದೇ ದೋಣಿಮಲೈ. ಅದಿರೇನೂ ಸಪ್ಪೆ ಆಗಿಲ್ಲ. ಆ ದುಡ್ಡು ಎಲ್ಲಿ ಹೋಯ್ತು?

ಅದಿರಿನ ಬೆಲೆ ಇಳಿದದ್ದು ಒಂದು ಕಾರಣ, ಚಂದ್ರಣ್ಣ ಹೇಳಿದ ಚಕ್ರ ಅದು. ಇಳಿದದ್ದು ಮತ್ತೆ ಏರಬಹುದು, ಸರಾಸರಿ ತಗೊಳ್ಳೋದು ಅದಕ್ಕೇ. ಬಡ್ಡಿ ಆದಾಯದ ವಿಷಯ ಬಡ್ಡಿಲೆಕ್ಕ ಅವರು ಹೇಳಿದರು. ಉಳಿದದ್ದು ತಿರುಗಿ ಬರದ ಬಾಬ್ತು. ಆಗ ಕಬ್ಬಿಣದ ಅದಿರಿಗೆ ರಾಯಲ್ಟಿ ಶೇ 10 ಇತ್ತು. 2014ರ ಸೆಪ್ಟೆಂಬರ್‌ನಿಂದ ಶೇ 15. 2015ರ ಗಣಿ ಕಾಯ್ದೆ ತಿದ್ದುಪಡಿಯಲ್ಲಿ ಜಿಲ್ಲಾ ಖನಿಜ ನಿಧಿ ಬಂತು, ಹಳೆಯ ಲೀಸ್‌ಗಳಿಗೆ ರಾಯಲ್ಟಿಯ ಮೇಲೆ ಶೇ 30. ಆಮೇಲೆ ದೊಡ್ಡ ಪೆಟ್ಟು. ದೋಣಿಮಲೈ ಲೀಸ್ ಮುಂದುವರಿಸೋಕೆ ನಮ್ಮ ರಾಜ್ಯ ಸರ್ಕಾರ ಶೇ 80 ಪ್ರೀಮಿಯಂ ಕೇಳಿತು, 2018ರ ನವೆಂಬರ್‌ನಲ್ಲಿ ಗಣಿ ನಿಂತೇಹೋಯ್ತು, ಮತ್ತೆ ಶುರುವಾದದ್ದು 2021ರ ಫೆಬ್ರವರಿಯಲ್ಲಿ. ಆ ಎರಡು ವರ್ಷ ದೋಣಿಮಲೈ ಟೌನ್‌ಶಿಪ್ ಕಡೆ ಹೋದರೆ ಹೋಟೆಲ್‌ನವನು ಮಿರ್ಚಿ ಬಿಸಿ ಮಾಡೋಕೂ ಬೇಸರಪಡ್ತಿದ್ದ. 2021ರ ಮಾರ್ಚ್‌ನಲ್ಲಿ ಕೇಂದ್ರ ಕಾಯ್ದೆಯನ್ನೇ ತಿದ್ದಿ, ಸರ್ಕಾರಿ ಕಂಪನಿಗಳ ಲೀಸ್ ವಿಸ್ತರಣೆಗೆ ಹೆಚ್ಚುವರಿ ಮೊತ್ತ ನಿಗದಿ ಮಾಡಿದರು. ಕಬ್ಬಿಣದ ಅದಿರಿಗೆ ರಾಯಲ್ಟಿಯ ಒಂದೂವರೆ ಪಟ್ಟು. ಅಂದ್ರೆ ರಾಯಲ್ಟಿ 15 ಕೊಟ್ಟು ಅದರ ಮೇಲೆ ಇನ್ನೂ 22.5.

ಈಗ ಕೆಂಪುಧೂಳು ಅವರೇ, ನಿಮ್ಮ ಶೀಟ್‌ನ ಮೊದಲ ಐದು ವರ್ಷ ನೋಡ್ರಿ. 2018-19ರ ಮಾರಾಟ ಸುಮಾರು 12,000 ಕೋಟಿ, ಲಾಭ ಸುಮಾರು 4,600 ಕೋಟಿ. ಇವತ್ತಿನ 22.5 ಆಗಲೇ ಇದ್ದಿದ್ದರೆ? ಅದು ಭಾರತೀಯ ಗಣಿ ಬ್ಯೂರೋದ ಸರಾಸರಿ ಬೆಲೆ ಮೇಲೆ ಬೀಳೋದು, ಕಂಪನಿ ಮಾರಾಟದ ಮೇಲಲ್ಲ, ಆದರೂ ಒರಟು ಅಂದಾಜಿಗೆ ಸಾಕು. ತೆರಿಗೆ ಕಳೆದ ಮೇಲೂ 1,700–1,800 ಕೋಟಿ ಹೋಗ್ತಿತ್ತು. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ. 2016-17ರಂಥ ಬಡ ವರ್ಷಕ್ಕೆ ಇನ್ನೂ ಜೋರಾಗಿ ಬಡೀತಿತ್ತು.

ಶಿಲ್ಲರ್ ವಿಧಾನ ಹುಟ್ಟಿದ್ದು ಅಮೆರಿಕದ ಇಡೀ ಸೂಚ್ಯಂಕಕ್ಕೆ. ಅಲ್ಲಿ ಒಂದು ಕಂಪನಿಗೆ ಕಾನೂನು ಬದಲಾದರೆ ಇನ್ನೊಂದು ಅದನ್ನ ತುಂಬಿಕೊಡುತ್ತೆ. ಒಂದೇ ಕಂಪನಿಗೆ, ಅದೂ ಗಣಿಗೆ, ಆ ಆಸರೆ ಇಲ್ಲ. ಹಾಗಾಗಿ ಚಂದ್ರಣ್ಣ, ನಿಮ್ಮ 2010-11 ಬೇಡ. ಗುಡ್ಡ ಸಿಗುತ್ತೆ ನಿಜ, ಆದರೆ ಅದು ಶೇ 10 ರಾಯಲ್ಟಿ ಕಾಲದ ಗುಡ್ಡ.

ಚಾರ್ಟ್‌_ಚಂದ್ರಣ್ಣ:
ಒಪ್ಪಿದೆ. ಆದರೆ ಲೆಡ್ಜರ್ ಸಾಹೇಬರೇ, ಒಂದೇ ಕಡೆ ತೂಗಬೇಡಿ. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿ ತೆರಿಗೆ ಸುಮಾರು 35ರಿಂದ 25.17ಕ್ಕೆ ಇಳಿಸಿಕೊಳ್ಳೋ ಆಯ್ಕೆ ಕೊಟ್ಟರು. ಹಳೆಯ ಲಾಭವನ್ನ ಇವತ್ತಿನ ರಾಯಲ್ಟಿಗೆ ತಂದರೆ ಇವತ್ತಿನ ತೆರಿಗೆಗೂ ತರಬೇಕು. ಅದರಿಂದ 2018-19ರವರೆಗಿನ ಲಾಭ ಶೇ 15ರಷ್ಟು ಮೇಲೇಳುತ್ತೆ.

ಸಂಡೂರು_ಲೆಡ್ಜರ್:
ನ್ಯಾಯವಾದ ಮಾತು. ನನಗೆ ಹೊಳೆದಿರಲಿಲ್ಲ. ರಾಯಲ್ಟಿ ತುಂಬಿದವನಿಗೆ ರಾಯಲ್ಟಿಯೇ ಕಾಣೋದು.

ಬಡ್ಡಿಲೆಕ್ಕ:
ಎನ್‌ಎಂಡಿಸಿಯದೇ ಆಗಿದ್ದ ನಗರ್ನಾರ್ ಉಕ್ಕು ಕಾರ್ಖಾನೆ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಹೇಳಿಬಿಡ್ತೀನಿ. ಬಸ್ತಾರ್‌ನಲ್ಲಿ 20,000 ಕೋಟಿ ಮೇಲೆ ಸುರಿದು ಕಟ್ಟಿದರು. 2022ರ ಅಕ್ಟೋಬರ್‌ನಲ್ಲಿ ಬೇರೆ ಕಂಪನಿ ಮಾಡಿ, ಎನ್‌ಎಂಡಿಸಿ ಷೇರುದಾರರಿಗೆ ಒಂದಕ್ಕೊಂದು ಅದರ ಷೇರು ಕೊಟ್ಟರು. ಆಗಿನ್ನೂ ಅದು ಉತ್ಪಾದನೆ ಶುರು ಮಾಡಿರಲಿಲ್ಲ, ಹಾಗಾಗಿ ಹಳೆಯ ಇಪಿಎಸ್ ಸಾಲಿನಲ್ಲಿ ಅದಕ್ಕಾಗಿ ದೊಡ್ಡ ತಿದ್ದುಪಡಿ ಬೇಡ. ಆದರೆ ಪ್ರತಿ ವರ್ಷದ ಪಿಇಯನ್ನ ಗ್ರಾಫ್‌ನಲ್ಲಿ ಜೋಡಿಸಿ 'ಹಿಂದೆಗಿಂತ ಅಗ್ಗ' ಅನ್ನೋಕೆ ಹೋದರೆ ಎಡವುತ್ತೀರಿ. 2022ಕ್ಕೆ ಮುಂಚಿನ ಬೆಲೆಯಲ್ಲಿ ಕಾರ್ಖಾನೆ ಇತ್ತು, ಈಗಿನ ಬೆಲೆಯಲ್ಲಿ ಇಲ್ಲ.

ಮಲ್ಲಿಗೆ_ಮೊಗ್ಗು:
ನನಗನ್ನಿಸೋದು, ಇಪಿಎಸ್ ಸರಾಸರಿ ಬಿಟ್ಟು ಟನ್‌ಗೆ ಎಷ್ಟು ಲಾಭ ಅನ್ನೋದರ ಸರಾಸರಿ ತಗೊಳ್ಳೋದೇ ವಾಸಿ. ಲೆಡ್ಜರ್ ಸರ್ ಒಂದು ವರ್ಷಕ್ಕೆ ಮಾಡಿ ತೋರಿಸಿದ್ದನ್ನೇ ಹತ್ತೂ ವರ್ಷಕ್ಕೆ ಮಾಡಿ. 2016-17ರಲ್ಲಿ 3.4 ಕೋಟಿ ಟನ್‌ಗೆ 2,589 ಕೋಟಿ, ಟನ್‌ಗೆ 760. ಇವತ್ತಿನ ದುಡ್ಡಲ್ಲಿ 1,125. 2021-22ರಲ್ಲಿ 4.2 ಕೋಟಿ ಟನ್, ಟನ್‌ಗೆ 2,200 ಮೇಲೆ, ಇವತ್ತಿಗೆ 2,600. ಸರಾಸರಿಯನ್ನ 2024-25ರ 4.4 ಕೋಟಿ ಟನ್‌ಗೆ ಗುಣಿಸಿ, 879 ಕೋಟಿ ಷೇರಿಗೆ ಭಾಗಿಸಿ. ಗಣಿ ದೊಡ್ಡದಾಗಿದ್ದಕ್ಕೆ ಹಳೆಯ ವರ್ಷಗಳು ಬಡವಾಗಿ ಕಾಣೋ ಸಮಸ್ಯೆ ಇದರಲ್ಲಿ ಇರಲ್ಲ. ಹಳೆಯ ಬಡ್ಡಿ ಆದಾಯವನ್ನ ಮೊದಲೇ ತೆಗೆದುಬಿಡಿ, ಅದು ಅದಿರಿನ ಲಾಭವಲ್ಲ.

ಕೆಂಪುಧೂಳು:
ನಿನ್ನೆ ರಾತ್ರಿ ಕೂತು ಮೊದಲ ವಿಧಾನ ಮುಗಿಸಿದೆ. ಮೊದಲ ಐದು ವರ್ಷಕ್ಕೆ ಮೂರನೇ ಒಂದು ಪಾಲು ಕಡಿತ ಹಾಕಿದರೆ ಸರಾಸರಿ 5.9, ಪಿಇ 12ರ ಹತ್ತಿರ. ಚಂದ್ರಣ್ಣನ ತೆರಿಗೆ ಸೇರಿಸಿದರೆ 6.1, ಪಿಇ ಹನ್ನೊಂದೂವರೆ. 3.9ರಿಂದ ಹೊರಟವನು ಇಲ್ಲಿಗೆ ಬಂದೆ. ಇದು ಅಗ್ಗವೋ ತುಟ್ಟಿಯೋ ಅಂತ ಕೇಳಲ್ಲ, ಅದಕ್ಕೆ ಬೇರೆ ಗಣಿ ಕಂಪನಿಗಳಿಗೂ ಹೀಗೇ ಮಾಡಿ ಪಕ್ಕದಲ್ಲಿಟ್ಟು ನೋಡಬೇಕು. ಟನ್ ಲೆಕ್ಕದಲ್ಲಿ ಬಡ್ಡಿ ತೆಗೆಯೋದು ಇನ್ನೂ ಬಾಕಿ, ಎರಡು ವರ್ಷದ ವರದಿ ಪಿಡಿಎಫ್ ತೆರೀತಾ ಇಲ್ಲ.

ಲೆಡ್ಜರ್ ಸರ್, ಇದೇ ಶೀಟ್ ಅನ್ನ ಖಾಸಗಿ ಗಣಿ ಕಂಪನಿಗೆ ಹಾಕಬಹುದಾ?

ಸಂಡೂರು_ಲೆಡ್ಜರ್:
ಮೊದಲು ಅವರ ಲೀಸ್ ಮುಗಿಯೋ ದಿನಾಂಕ ನೋಡ್ರಿ, ಆಮೇಲೆ ಶೀಟ್ ತೆಗೀರಿ. ಹಳೆಯ ಖಾಸಗಿ ಲೀಸ್‌ಗಳಲ್ಲಿ ಅದಿರನ್ನ ಹೊರಗೆ ಮಾರುವವು 2020ರ ಮಾರ್ಚ್ 31ಕ್ಕೆ, ಸ್ವಂತ ಕಾರ್ಖಾನೆಗೆ ಬಳಸುವವು 2030ರ ಮಾರ್ಚ್ 31ಕ್ಕೆ ಅಂತ 2015ರ ತಿದ್ದುಪಡಿಯಲ್ಲೇ ಗಡುವು ಹಾಕಿದ್ದಾರೆ. ಐವತ್ತು ವರ್ಷದ ಲೀಸ್ ಅದಕ್ಕಿಂತ ಮುಂದೆ ಹೋಗ್ತಿದ್ದರೆ ಅದು ಮುಗಿಯೋವರೆಗೂ ನಡೆಯುತ್ತೆ. ಆಮೇಲೆ ಹರಾಜು. ಹರಾಜಲ್ಲಿ ಹಿಡಿದ ಗಣಿಯ ಪ್ರೀಮಿಯಂ 22.5ರ ಹತ್ತಿರವೂ ಇರಲ್ಲ, ಅದಕ್ಕಿಂತ ಎಷ್ಟೋ ಮೇಲೆ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಯಲ್ಟಿ ತೆರಿಗೆಯಲ್ಲ, ರಾಜ್ಯಗಳು ಬೇರೆಯಾಗಿ ತೆರಿಗೆ ಹಾಕಬಹುದು ಅಂದಿದೆ. ಅದಕ್ಕೂ ಒಂದು ಕಾಲಂ ಖಾಲಿ ಬಿಟ್ಟಿರ್ರಿ.

ಪಿಡಿಎಫ್ ಯಾವ ವರ್ಷದ್ದು ಬೇಕು ಹೇಳ್ರಿ, ನನ್ನ ಹತ್ರ ಪ್ರಿಂಟ್ ಇರಬೇಕು. ಗೆದ್ದಲು ತಿಂದಿಲ್ಲದಿದ್ದರೆ ಫೋಟೋ ಹಾಕ್ತೀನಿ.