ವಾಕಡ್‌ನಲ್ಲಿ ‘ಎಲ್ಲಾ ಸೇರಿ’ 24,000 ಬಾಡಿಗೆ, ತಗೊಳ್ಳಬಹುದಾ?

ಧಾರವಾಡದವಳು:
ನಮಸ್ಕಾರ. ಹಿಂಜವಡಿಯಲ್ಲಿ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಅವ್ವನನ್ನು ಕರೆದುಕೊಂಡು ಪುಣೆಗೆ ಬರುತ್ತಿದ್ದೇನೆ. ವಾಕಡ್‌ನಲ್ಲಿ ಎರಡು ಒನ್ ಬಿಎಚ್‌ಕೆ ನೋಡಿದೆ. ಒಂದಕ್ಕೆ 24,000. ಕರೆಂಟ್, ನೀರು, ಪೈಪ್ ಗ್ಯಾಸ್, ವೈಫೈ, ಮೇಂಟೆನೆನ್ಸ್ ಎಲ್ಲಾ ಅದರಲ್ಲೇ. ಇನ್ನೊಂದಕ್ಕೆ 19,500. ಮೇಂಟೆನೆನ್ಸ್ ಓನರ್ ಕಟ್ಟುತ್ತಾರೆ, ಉಳಿದ ಬಿಲ್ ನಮ್ಮದು.

ಅವ್ವನಿಗೆ ಮಂಡಿ ನೋವು. ದಿನಕ್ಕೆ ಎರಡು ಸಲ ಬಿಸಿನೀರು ಬೇಕು. ಆದರೆ ಬಿಲ್ ನೆನೆದು ಗೀಸರ್ ಹಚ್ಚುವುದೇ ಇಲ್ಲ, ತಣ್ಣೀರಲ್ಲೇ ಮುಗಿಸುತ್ತಾಳೆ. ಎಲ್ಲಾ ಬಾಡಿಗೆಯಲ್ಲೇ ಇದ್ದರೆ ಚಿಂತೆಯಿಲ್ಲದೆ ಸ್ನಾನ ಮಾಡಿಯಾಳು ಅಂತ ನನ್ನ ಆಸೆ. ಏಜೆಂಟ್ ಮಾತ್ರ ಮಾತುಮಾತಿಗೂ ‘ನಾರ್ಮಲ್ ಯೂಸ್ ಇದ್ದರೆ ತೊಂದರೆ ಇಲ್ಲ’ ಅಂತಾನೆ. ನಾರ್ಮಲ್ ಅಂದ್ರೆ ಎಷ್ಟು? ಅನುಭವ ಇದ್ದವರು ಹೇಳಿ.

ನಿಪ್ಪಾಣಿ ಅಣ್ಣ:
ತಂಗಿ, ನಿಮ್ಮ ಕೊನೆಯ ಪ್ರಶ್ನೆಯನ್ನೇ ಓನರ್ ಮುಂದೆ ಇಡಿ. ನಮ್ಮ ಹಳೇ ಮನೆಯಲ್ಲೂ ಇದೇ ಮಾತು ಹೇಳಿದ್ದರು, ಬಾಯಿಮಾತಲ್ಲಿ. ಮೇ ತಿಂಗಳಲ್ಲಿ ಓನರ್ ಬಂದು ‘ಎಸಿ ಜಾಸ್ತಿ ಓಡಿದೆ’ ಅಂತ 3,200 ಕೇಳಿದರು. ನಾವು ಹಚ್ಚುತ್ತಿದ್ದದ್ದು ರಾತ್ರಿ ಮಾತ್ರ. ಆಮೇಲೆ ಗೊತ್ತಾಯಿತು, ನಮಗೂ ಪಕ್ಕದ ರೂಮಿನ ಹುಡುಗರಿಗೂ ಒಂದೇ ಮೀಟರ್. ಇಲ್ಲಿನ ಕರೆಂಟ್ ಕಂಪನಿ ಮಹಾವಿತರಣದ ದರದಲ್ಲಿ ತಿಂಗಳಿಗೆ ಮೊದಲ 100 ಯೂನಿಟ್ ಅಗ್ಗ. 101ರಿಂದ ದರ ಏರುತ್ತದೆ, 300 ದಾಟಿದರೆ ಇನ್ನೂ ಮೇಲೆ. ಎರಡು ಮನೆ ಒಂದೇ ಮೀಟರಿನಲ್ಲಿದ್ದರೆ ಆ ಅಗ್ಗದ ನೂರನ್ನು ಇಬ್ಬರೂ ಹಂಚಿಕೊಳ್ಳಬೇಕು. ಅದಕ್ಕೇ ಮೊದಲು ಕೆಳಗೆ ಹೋಗಿ ಮೀಟರ್ ನೋಡಿ. ಏಪ್ರಿಲ್, ಮೇ ತಿಂಗಳ ಹಳೇ ಲೈಟ್ ಬಿಲ್ ಕೇಳಿ.

ನೀರಿನದೂ ಕೇಳಿ. ವಾಕಡ್ ಬರುವುದು ಪಿಂಪ್ರಿ ಚಿಂಚವಡ ಪಾಲಿಕೆಗೆ. ಅವರು ದಿನ ಬಿಟ್ಟು ದಿನ ನೀರು ಬಿಡಲು ಶುರು ಮಾಡಿದ್ದು 2019ರ ನವೆಂಬರ್‌ನಲ್ಲಿ. ಬೇಸಿಗೆಯಲ್ಲಿ ಸೊಸೈಟಿ ಟ್ಯಾಂಕರ್ ತರಿಸಿದರೆ ಒಮ್ಮೊಮ್ಮೆ ಬೇರೆ ದುಡ್ಡು ಎತ್ತುತ್ತಾರೆ. ಅದನ್ನು ಯಾರು ಕೊಡಬೇಕು?

ಏನೇ ಒಪ್ಪಿದರೂ ಲೀವ್ ಅಂಡ್ ಲೈಸೆನ್ಸ್ ಅಗ್ರಿಮೆಂಟಿನಲ್ಲಿ, ಅಂದ್ರೆ ಇಲ್ಲಿನ ಬಾಡಿಗೆ ಕರಾರಿನಲ್ಲಿ, ಬರೆಸಿ. ತಿಂಗಳಿಗೆ ಎಷ್ಟು ಯೂನಿಟ್ ಬಾಡಿಗೆಯಲ್ಲಿ ಸೇರಿದೆ, ಮೇಲಿನದಕ್ಕೆ ಯಾವ ದರ ಅಂತ. ಅದನ್ನು ರಿಜಿಸ್ಟರ್ ಮಾಡಿಸುವುದು ಓನರ್ ಜವಾಬ್ದಾರಿ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನಲ್ಲೇ ಇದೆ. ‘ಸುಮ್ನೆ ನೋಟರಿ ಸಾಕು’ ಅಂದರೆ ದಯವಿಟ್ಟು ಒಪ್ಪಬೇಡಿ.

ಹಡಪ್ಸರ್ ಅಕ್ಕ:
ನಮ್ಮ ಮನೆಯಲ್ಲೂ ಇಬ್ಬರೇ. ಲೈಟ್ ಬಿಲ್ ಸುಮಾರು 1,100, ಗ್ಯಾಸ್ 400, ವೈಫೈ 700. ಅಂದ್ರೆ 19,500ರ ಮನೆ ನಿಮಗೆ 21,700ಕ್ಕೆ ಬೀಳುತ್ತದೆ. ತಿಂಗಳಿಗೆ 2,300 ಉಳಿತಾಯ, ಅಗ್ರಿಮೆಂಟ್ 11 ತಿಂಗಳದ್ದಾದರೆ ಒಟ್ಟು 25,300. ಅಷ್ಟು ದುಡ್ಡಲ್ಲಿ ಅವ್ವನ ಬಿಸಿನೀರಿನ ಖರ್ಚು ಕಳೆದೂ ಉಳಿಯುತ್ತದೆ, ಅಲ್ವಾ?

ಧಾರವಾಡದವಳು:
ಭಾನುವಾರ ಹೋಗಿ ಬಂದೆ. 24,000ದ ಮನೆಗೆ ಮೀಟರ್ ಬೇರೆಯೇ ಇತ್ತು, ಅದು ಸರಿ. ಆದರೆ ಯೂನಿಟ್ ಎಷ್ಟು ಅಂತ ಬರೆದುಕೊಡಲು ಓನರ್ ಒಪ್ಪಲಿಲ್ಲ. ‘ನಂಬಿಕೆ ಇರಲಿ’ ಅಂದರು. ನನಗೆ ಮನಸ್ಸಾಗಲಿಲ್ಲ. 19,500ರದ್ದಕ್ಕೇ ಟೋಕನ್ ಕೊಟ್ಟೆ. ಲೆಕ್ಕ ಸರಿಹೋಯಿತು. ಆದರೆ ಬಿಲ್ ಮನೆಗೆ ಬಂದರೆ ಅವ್ವ ಮತ್ತೆ ತಣ್ಣೀರು ಶುರು ಮಾಡುತ್ತಾಳೆ, ಅದೇ ಚಿಂತೆ.

ನಿಪ್ಪಾಣಿ ಅಣ್ಣ:
ಅದಕ್ಕೂ ದಾರಿ ಇದೆ ತಂಗಿ. ಮಹಾವಿತರಣದಲ್ಲಿ ‘ಗೋ ಗ್ರೀನ್’ ತಗೊಂಡರೆ ಕಾಗದದ ಬಿಲ್ ಬರುವುದಿಲ್ಲ, ಇಮೇಲಿಗೆ ಬರುತ್ತದೆ. ಬಿಲ್ಲಿಗೆ 10 ರೂಪಾಯಿ ರಿಯಾಯಿತಿಯೂ ಇದೆ. ಕನೆಕ್ಷನ್ ಓನರ್ ಹೆಸರಲ್ಲಿರುತ್ತದೆ, ಅವರನ್ನು ಕೇಳಿ ಮಾಡಿಸಿ.

ಧಾರವಾಡದವಳು:
ಕೇಳಿದೆ ಅಣ್ಣಾ, ಒಪ್ಪಿದರು. ಇನ್ನು ಬಿಲ್ ನನ್ನ ಇಮೇಲಿಗೆ. ಅವ್ವನಿಗೆ ‘ಇಲ್ಲಿ ಕರೆಂಟ್ ಅಗ್ಗ’ ಅಂತ ಹೇಳಿದ್ದೇನೆ.