ಡಿಸೆಂಬರ್‌ನಲ್ಲಿ ಕವಾಯಿ ದ್ವೀಪದ ಉತ್ತರ ತೀರ: ಯಾವ ಕಡಲತೀರಗಳಿಗೆ ಹೋಗಬಹುದು?

ನಾಪೋಕ್ಲು ನಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಮತ್ತು ಅಳಿಯ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದಾರೆ. ಹುತ್ತರಿ ಮುಗಿಸಿಕೊಂಡು ಹೊರಟು, ರೋಬಸ್ಟಾ ಕೊಯ್ಲು ಆರಂಭವಾಗುವುದರೊಳಗೆ ತೋಟಕ್ಕೆ ಹಿಂದಿರುಗುವಂತೆ ನಾನು, ನನ್ನ ಪತ್ನಿ ಮತ್ತು ಎಂಬತ್ತರ ಸಮೀಪದಲ್ಲಿರುವ ನನ್ನ ತಾಯಿ ಅಲ್ಲಿಗೆ ಹೋಗುವವರಿದ್ದೇವೆ. ಮೊಮ್ಮಕ್ಕಳಿಗೆ ಆಗ ಕ್ರಿಸ್‌ಮಸ್ ರಜೆ. ಹಾಗಾಗಿ ಎಲ್ಲರೂ ಸೇರಿ ಹವಾಯಿಯ ಕವಾಯಿ ದ್ವೀಪಕ್ಕೆ ಹೋಗುವುದೆಂದು ನಿಶ್ಚಯವಾಗಿದ್ದು, ದ್ವೀಪದ ಉತ್ತರ ತೀರದ ಪ್ರಿನ್ಸ್‌ವಿಲ್‌ನಲ್ಲಿ ಮನೆಯೊಂದನ್ನು ಬಾಡಿಗೆಗೆ ಹಿಡಿದಾಗಿದೆ.

ಅಳಿಯ ಕಳುಹಿಸಿದ ಪಟ್ಟಿಯಲ್ಲಿ ಹನಲೇ, ಲುಮಹಾಯಿ, ಅನಿನಿ, ಟನಲ್ಸ್, ಕೇಎ ಎಂಬ ಕಡಲತೀರಗಳ ಹೆಸರುಗಳಿವೆ. ಚಿತ್ರಗಳಲ್ಲಿ ಒಂದಕ್ಕಿಂತ ಒಂದು ಸುಂದರವಾಗಿವೆ. ಆದರೆ ಯಾವುದಕ್ಕೆ ಹೋಗಬೇಕು, ಯಾವುದನ್ನು ಬಿಡಬೇಕು ಎಂಬುದು ಚಿತ್ರ ನೋಡಿ ತಿಳಿಯುವಂಥದ್ದಲ್ಲ. ನಮಗೆ ಕಡಲೆಂದರೆ ಪಣಂಬೂರು ಮತ್ತು ಕಣ್ಣೂರಿನ ಪಯ್ಯಾಂಬಲಂ ಅಷ್ಟೆ. ಮೊಮ್ಮಕ್ಕಳು ಈಜು ಕಲಿತಿದ್ದಾರೆ, ನೀರು ಕಂಡರೆ ನಿಲ್ಲುವವರಲ್ಲ. ತಾಯಿಯವರಿಗೆ ಮೊಣಕಾಲು ನೋವಿದೆ. ಸಮತಟ್ಟಾದ ಜಾಗದಲ್ಲಿ ನಿಧಾನವಾಗಿ ನಡೆಯಬಲ್ಲರು. ಅಲ್ಲಿಗೆ ಹೋಗಿ ಬಂದವರು ಅಥವಾ ಅಲ್ಲಿ ವಾಸವಾಗಿದ್ದವರು ಯಾರಾದರೂ ಇದ್ದರೆ ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಹಾರಂಗಿ ತೀರ (ಉತ್ತರ)

ಸರ್, ನಾನು ಈಗ ಕುಶಾಲನಗರದಲ್ಲಿದ್ದೇನೆ. ಅದಕ್ಕೆ ಮೊದಲು ಕೆಲಸದ ನಿಮಿತ್ತ ಕೆಲವು ವರ್ಷ ಹೊನೊಲುಲುವಿನಲ್ಲಿದ್ದೆ. ಅಲ್ಲಿಂದ ಕವಾಯಿಯ ಲಿಹುಎ ವಿಮಾನ ನಿಲ್ದಾಣಕ್ಕೆ ಮುಕ್ಕಾಲು ಗಂಟೆಯೂ ಹಿಡಿಯುವುದಿಲ್ಲವಾದ್ದರಿಂದ ಆ ತೀರವನ್ನು ಬೇಸಿಗೆಯಲ್ಲಿಯೂ ಚಳಿಗಾಲದಲ್ಲಿಯೂ ನೋಡುವ ಅವಕಾಶ ನನಗೆ ದೊರೆತಿತ್ತು. ನೀವು ಹೊರಡುವ ಮೊದಲು ಮನೆಯವರೆಲ್ಲರಿಗೂ ಒಂದು ವಿಷಯವನ್ನು ಮನದಟ್ಟು ಮಾಡಿಸಬೇಕು. ನಮ್ಮ ಅರಬ್ಬಿ ಸಮುದ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೌದ್ರವಾಗಿದ್ದು ಡಿಸೆಂಬರ್‌ನಲ್ಲಿ ಶಾಂತವಾಗಿರುತ್ತದೆ. ಕವಾಯಿಯ ಉತ್ತರ ತೀರದಲ್ಲಿ ಇದು ಸಂಪೂರ್ಣ ತಿರುಗುಮುರುಗು. ಪಣಂಬೂರಿನಲ್ಲಿ ಬೆಳೆಸಿಕೊಂಡ ಅಂದಾಜು ಅಲ್ಲಿ ಮೋಸ ಮಾಡುತ್ತದೆ. ಬಿಸಿಲು ಚೆನ್ನಾಗಿದೆ, ಗಾಳಿಯೂ ಇಲ್ಲ, ಆದ್ದರಿಂದ ನೀರಿಗಿಳಿಯಬಹುದು ಎಂಬ ಲೆಕ್ಕ ಅಲ್ಲಿಗೆ ಒಗ್ಗುವುದಿಲ್ಲ.

ಇದಕ್ಕೆ ಕಾರಣವಿದೆ. ಚಳಿಗಾಲದಲ್ಲಿ ಉತ್ತರ ಪೆಸಿಫಿಕ್‌ನಲ್ಲಿ, ಅಲ್ಯೂಷಿಯನ್ ದ್ವೀಪಗಳ ಸುತ್ತಮುತ್ತ ಏಳುವ ದೊಡ್ಡ ಬಿರುಗಾಳಿಗಳು ಎಬ್ಬಿಸಿದ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ ಬಂದು ನೇರವಾಗಿ ಈ ತೀರಕ್ಕೆ ಅಪ್ಪಳಿಸುತ್ತವೆ. ನಡುವೆ ಅವುಗಳನ್ನು ತಡೆಯುವ ನೆಲವಿಲ್ಲ. ನಮ್ಮ ಕರಾವಳಿಯ ಮುಂದಿರುವಂಥ ವಿಶಾಲವಾದ ಆಳವಿಲ್ಲದ ಸಮುದ್ರತಳವೂ ಅಲ್ಲಿಲ್ಲ, ಏಕೆಂದರೆ ಆ ದ್ವೀಪಗಳು ಆಳ ಸಮುದ್ರದಿಂದ ಎದ್ದು ನಿಂತ ಜ್ವಾಲಾಮುಖಿಗಳು. ಬಿರುಗಾಳಿ ಎಲ್ಲೋ ಇರುತ್ತದೆ, ತೀರದಲ್ಲಿ ಆಕಾಶ ನಿರ್ಮಲವಾಗಿರುತ್ತದೆ, ಅಲೆ ಮಾತ್ರ ಮನೆಯೆತ್ತರಕ್ಕೆ ಏಳುತ್ತದೆ. ಇನ್ನೊಂದು ಅಪಾಯವೆಂದರೆ ಈ ಅಲೆಗಳು ಗುಂಪುಗುಂಪಾಗಿ ಬರುತ್ತವೆ. ಹತ್ತು ನಿಮಿಷ ಸಮುದ್ರ ಸುಮ್ಮನಿದ್ದಂತೆ ಕಾಣುತ್ತದೆ; ಜನ ಒದ್ದೆ ಬಂಡೆಯ ಮೇಲೆ ನಿಂತು ಚಿತ್ರ ತೆಗೆಯುತ್ತಿರುತ್ತಾರೆ; ಅಷ್ಟರಲ್ಲಿ ಮುಂದಿನ ಗುಂಪು ಬಂದು ಅವರನ್ನು ಎಳೆದೊಯ್ಯುತ್ತದೆ. ಆದ್ದರಿಂದ ಯಾವುದೇ ತೀರಕ್ಕೆ ಹೋದರೂ ಮೊದಲು ಹದಿನೈದು ಇಪ್ಪತ್ತು ನಿಮಿಷ ದೂರದಲ್ಲಿ ಕುಳಿತು ಸಮುದ್ರವನ್ನು ಗಮನಿಸಿರಿ. ಮರಳು ಎಲ್ಲಿಯವರೆಗೆ ಒದ್ದೆಯಾಗಿದೆಯೋ ಅಲ್ಲಿಯವರೆಗೂ ಅಲೆ ಬರಬಲ್ಲದು ಎಂಬುದನ್ನು ಮಕ್ಕಳಿಗೆ ತೋರಿಸಿ ಹೇಳಿರಿ.

ಇನ್ನು ಪಟ್ಟಿಯಲ್ಲಿರುವ ತೀರಗಳ ಬಗ್ಗೆ. ಲುಮಹಾಯಿಯನ್ನು ರಸ್ತೆಯ ಬದಿಯಿಂದ, ಎತ್ತರದಿಂದ ನೋಡಿರಿ. ಆ ನೋಟ ನಿಜಕ್ಕೂ ಅಪೂರ್ವವಾದದ್ದು. ಆದರೆ ಅಲ್ಲಿ ಅಲೆಯನ್ನು ಒಡೆಯುವ ಹವಳದ ದಿಬ್ಬವಿಲ್ಲ, ಜೀವರಕ್ಷಕರಿಲ್ಲ, ಅಲೆಗಳು ದಡದ ಮೇಲೆಯೇ ಒಡೆಯುತ್ತವೆ. ಮಕ್ಕಳನ್ನು ಕರೆದುಕೊಂಡು ಕೆಳಗೆ ಇಳಿಯಬೇಡಿರಿ. ಪ್ರಿನ್ಸ್‌ವಿಲ್‌ನ ಬಂಡೆಗಳ ನಡುವೆ ಕ್ವೀನ್ಸ್ ಬಾತ್ ಎಂಬ ನೈಸರ್ಗಿಕ ಕೊಳವೊಂದಿದೆ. ನಿಮ್ಮ ಬಾಡಿಗೆ ಮನೆಗೆ ಹತ್ತಿರವೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಚಳಿಗಾಲದಲ್ಲಿ ಅದರ ಹಾದಿಗೆ ಬೀಗ ಹಾಕುವುದುಂಟು. ಅಲ್ಲಿ ಪ್ರಾಣ ಕಳೆದುಕೊಂಡವರಲ್ಲಿ ಬಂಡೆಯ ಮೇಲೆ ನಿಂತಿದ್ದವರೂ ಇದ್ದಾರೆ, ಆದ್ದರಿಂದ ಬೇಲಿ ದಾಟುವ ಯೋಚನೆಯನ್ನೇ ಮಾಡಬೇಡಿರಿ.

ಅನಿನಿಯ ಮುಂದೆ ಹವಾಯಿಯ ಅತಿ ಉದ್ದದ ಹವಳದ ದಿಬ್ಬಗಳಲ್ಲಿ ಒಂದಿದೆ. ದೊಡ್ಡ ಅಲೆಗಳು ದೂರದಲ್ಲಿಯೇ ಬಿಳಿ ಗೆರೆಯಾಗಿ ಒಡೆದು, ದಡದ ಬಳಿ ಮೊಣಕಾಲುದ್ದದ ನೀರು ಹೆಚ್ಚುಕಡಿಮೆ ನಿಶ್ಚಲವಾಗಿರುತ್ತದೆ. ಉತ್ತರ ತೀರದಲ್ಲಿ ಮಕ್ಕಳ ಆಟಕ್ಕೆ ನಾನು ಸೂಚಿಸುವ ಜಾಗ ಇದೊಂದೇ, ಅದೂ ಅಲೆಗಳ ಎಚ್ಚರಿಕೆ ಜಾರಿಯಲ್ಲಿಲ್ಲದ ದಿನ ಮಾತ್ರ. ಏಕೆಂದರೆ ದಿಬ್ಬವನ್ನು ದಾಟಿ ಒಳಗೆ ಬಿದ್ದ ನೀರೆಲ್ಲ ಪಶ್ಚಿಮ ಕೊನೆಯಲ್ಲಿರುವ ಕಂದಕದ ಮೂಲಕವೇ ಸಮುದ್ರಕ್ಕೆ ಮರಳಬೇಕು. ಅಲೆ ದೊಡ್ಡದಾದಷ್ಟೂ ಆ ಸೆಳೆತ ಬಲವಾಗುತ್ತದೆ, ಮೇಲಿನಿಂದ ನೋಡಿದರೆ ಆ ಭಾಗವೇ ಹೆಚ್ಚು ಶಾಂತವಾಗಿ ಕಾಣುತ್ತದೆ. ಅಲ್ಲಿ ಜೀವರಕ್ಷಕರಿಲ್ಲ ಎಂಬುದೂ ನೆನಪಿರಲಿ. ಕೇಎ ತೀರದ ಹವಳದ ಕೊಳದಲ್ಲಿಯೂ ಚಳಿಗಾಲದಲ್ಲಿ ಇದೇ ಬಗೆಯ ಸೆಳೆತವಿರುತ್ತದೆ. ಟನಲ್ಸ್ ಬೇಸಿಗೆಯ ಜಾಗ.

ಮೊಮ್ಮಕ್ಕಳಿಗೆ ಈಜಲೇಬೇಕೆಂದಿದ್ದರೆ ಒಂದು ದಿನ ಪೂರ್ವ ತೀರದ ಲಿಡ್ಗೇಟ್ ಉದ್ಯಾನಕ್ಕೆ ಕರೆದೊಯ್ಯಿರಿ. ಅಲ್ಲಿ ಬಂಡೆಗಳನ್ನು ಪೇರಿಸಿ ಸಮುದ್ರದ ಒಂದು ಭಾಗವನ್ನು ಕೊಳವನ್ನಾಗಿ ಮಾಡಿದ್ದಾರೆ, ಜೀವರಕ್ಷಕರೂ ಇದ್ದಾರೆ. ಉತ್ತರ ತೀರದಲ್ಲಿ ಮಾತ್ರ ಜೀವರಕ್ಷಕರನ್ನು, ಅವರಿಲ್ಲದ ಕಡೆ ಹತ್ತಿರದ ತೀರದ ಜೀವರಕ್ಷಕರನ್ನು, ಕೇಳದೆ ನೀರಿಗಿಳಿಯಬೇಡಿರಿ. ಅವರು ಬೇಸರಿಸದೆ ಉತ್ತರಿಸುತ್ತಾರೆ.

ಬೇತ್ರಿ ಸೇತುವೆ (ಉತ್ತರ)

ಹಾರಂಗಿ ತೀರ ಅವರು ಸಮುದ್ರದ ಬಗ್ಗೆ ಹೇಳಬೇಕಾದುದನ್ನು ಹೇಳಿದ್ದಾರೆ. ನಾನು ರಸ್ತೆಯ ಬಗ್ಗೆ ಬರೆಯುತ್ತೇನೆ. ವಿರಾಜಪೇಟೆಯಿಂದ ನಮ್ಮ ಕುಟುಂಬ ಅಲ್ಲಿಗೆ ಹೋಗಿದ್ದಾಗ ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ತಿಳಿವಳಿಕೆಯೇ.

ಕವಾಯಿಯಲ್ಲಿ ದ್ವೀಪವನ್ನು ಪೂರ್ತಿ ಸುತ್ತುವ ರಸ್ತೆಯಿಲ್ಲ. ಲಿಹುಎ ಕಡೆಯಿಂದ ಬರುವ ಹೆದ್ದಾರಿ ಪ್ರಿನ್ಸ್‌ವಿಲ್ ದಾಟಿ, ಬೆಟ್ಟವಿಳಿದು, 1912ರಲ್ಲಿ ಕಟ್ಟಿದ ಹನಲೇ ನದಿಯ ಉಕ್ಕಿನ ಸೇತುವೆಯ ಮೇಲೆ ಹಾದು, ಕೇಎ ತೀರದಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ನಾಪಲಿಯ ಕಡಿದಾದ ಬೆಟ್ಟಗಳು, 18 ಕಿಲೋಮೀಟರಿನ ಕಲಲೌ ಕಾಲುದಾರಿ ಬಿಟ್ಟರೆ ಬೇರೆ ಹಾದಿಯಿಲ್ಲ. ಸೇತುವೆಗಳಲ್ಲಿ ಹಲವು ಒಂದೇ ವಾಹನದ ಅಗಲದವು. ಒಂದು ಕಡೆಯಿಂದ ಐದಾರು ವಾಹನಗಳು ದಾಟಿದ ಮೇಲೆ ನಿಂತು, ಎದುರಿನವರಿಗೆ ದಾರಿ ಬಿಡುವುದು ಅಲ್ಲಿನ ರೂಢಿ. ಅಳಿಯಂದಿರು ವಾಹನ ಓಡಿಸುವಾಗ ಇದನ್ನು ತಪ್ಪದೆ ಪಾಲಿಸಲಿ. ಸ್ಥಳೀಯರು ಹೊರಗಿನವರನ್ನು ಅಳೆಯುವುದೇ ಈ ಸೇತುವೆಗಳ ಮೇಲೆ. ಮಳೆ ಬಿದ್ದು ಹನಲೇ ನದಿ ಏರಿದರೆ, ಭಾಗಮಂಡಲದಲ್ಲಿ ಸಂಗಮ ಉಕ್ಕಿದಾಗ ನಿಮ್ಮ ನಾಪೋಕ್ಲು ರಸ್ತೆ ಮುಚ್ಚುವಂತೆ ಆ ರಸ್ತೆಯೂ ಮುಚ್ಚುತ್ತದೆ, ಆಚೆಗಿದ್ದವರು ಆಚೆಗೇ ಉಳಿಯಬೇಕಾಗುತ್ತದೆ. ಆದ್ದರಿಂದ ತಾಯಿಯವರ ಮಾತ್ರೆಗಳನ್ನು ಬಾಡಿಗೆ ಮನೆಯಲ್ಲಿ ಬಿಟ್ಟು ಹೊರಡಬೇಡಿರಿ.

ಕೇಎ ತೀರವಿರುವುದು ಹಾಎನಾ ರಾಜ್ಯ ಉದ್ಯಾನದೊಳಗೆ. ಹೊರಗಿನಿಂದ ಬರುವವರು ಮುಂಗಡವಾಗಿ ಕಾಯ್ದಿರಿಸದೆ ಒಳಗೆ ಹೋಗುವಂತಿಲ್ಲ. ಈ ಕಟ್ಟುಪಾಡು ಬಂದ ಹಿನ್ನೆಲೆಯನ್ನು ಕೊಡಗಿನವರು ತಿಳಿದಿರಬೇಕೆಂದು ನನಗೆ ಅನ್ನಿಸುತ್ತದೆ. 2018ರ ಏಪ್ರಿಲ್ 14 ಮತ್ತು 15ರಂದು ಹನಲೇ ಪಕ್ಕದ ವೈಪಾದಲ್ಲಿ 24 ಗಂಟೆಗಳಲ್ಲಿ 49.69 ಅಂಗುಲ, ಅಂದರೆ 1,260 ಮಿಲಿಮೀಟರ್ ದಾಟಿದ ಮಳೆ ಸುರಿಯಿತು. ಅದು ಇಡೀ ಅಮೆರಿಕದ ದಾಖಲೆ. ಗುಡ್ಡಗಳು ಕುಸಿದು ರಸ್ತೆ ಮುಚ್ಚಿತು. ನಾಲ್ಕು ತಿಂಗಳ ನಂತರ, ಅದೇ ವರ್ಷದ ಆಗಸ್ಟ್‌ನಲ್ಲಿ, ನಮ್ಮ ಕಡೆಯ ಮಕ್ಕಂದೂರಿನಲ್ಲಿ ಮತ್ತು ಜೋಡುಪಾಲದಲ್ಲಿ ಗುಡ್ಡ ಕುಸಿದು ಏನಾಯಿತೆಂಬುದನ್ನು ನಾನು ಇಲ್ಲಿ ಬರೆಯಬೇಕಾಗಿಲ್ಲ. ಕವಾಯಿಯ ಆ ರಸ್ತೆ 2019ರ ಜೂನ್‌ವರೆಗೆ ಪ್ರವಾಸಿಗರಿಗೆ ತೆರೆಯಲಿಲ್ಲ. ತೆರೆದಾಗ ಹಾಎನಾಕ್ಕೆ ದಿನಕ್ಕೆ 900 ಮಂದಿ ಸಂದರ್ಶಕರೆಂಬ ಮಿತಿ ಜಾರಿಯಲ್ಲಿತ್ತು. ಮೊದಲು ಅದರ ಎರಡರಷ್ಟಕ್ಕೂ ಹೆಚ್ಚು ಜನ ಬಂದು ರಸ್ತೆಯ ಎರಡೂ ಬದಿ ವಾಹನ ನಿಲ್ಲಿಸುತ್ತಿದ್ದರು. ವಾರಾಂತ್ಯದಲ್ಲಿ ಅಬ್ಬಿ ಜಲಪಾತದ ದಾರಿಯನ್ನೂ ಮಾಂದಲಪಟ್ಟಿಯ ದಾರಿಯನ್ನೂ ಕಂಡವರಿಗೆ ಆ ಊರಿನವರ ನಿರ್ಧಾರ ಕಠಿಣವೆನಿಸುವುದಿಲ್ಲ. ಇಂಥದ್ದು ನಮ್ಮಲ್ಲಿಯೂ ಬರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಯ್ದಿರಿಸುವಿಕೆ ಭೇಟಿಯ ದಿನಕ್ಕೆ 30 ದಿನ ಮೊದಲು, ಹವಾಯಿಯ ಮಧ್ಯರಾತ್ರಿ, ಎಂದರೆ ನಮ್ಮ ಮಧ್ಯಾಹ್ನ 3.30ಕ್ಕೆ ತೆರೆದುಕೊಳ್ಳುತ್ತದೆ. ಕ್ರಿಸ್‌ಮಸ್ ಸಮಯದಲ್ಲಿ ವಾಹನ ನಿಲುಗಡೆಯ ಸ್ಥಳಗಳು ಬಹಳ ಬೇಗ ಮುಗಿಯುತ್ತವೆ. ಅಲ್ಲಿ ಅರ್ಧರಾತ್ರಿ ಎದ್ದು ಕೂರುವುದಕ್ಕಿಂತ ನಾಪೋಕ್ಲುವಿನಲ್ಲಿ ಊಟ ಮುಗಿಸಿ ನೀವೇ ಕಾಯ್ದಿರಿಸುವುದು ಸುಲಭ.

ನಾಪೋಕ್ಲು ನಿವಾಸಿ

ಇಬ್ಬರಿಗೂ ಮನಃಪೂರ್ವಕ ವಂದನೆಗಳು. ಅಲೆಗಳ ವಿಷಯವನ್ನು ಮಗಳಿಗೆ ಓದಿ ಹೇಳಿದ್ದೇನೆ. ಲಿಡ್ಗೇಟ್‌ಗೆ ಹೋಗುವುದು ನಿಶ್ಚಯವಾಯಿತು. ಇನ್ನೆರಡು ಸಂದೇಹಗಳಿವೆ. ಡಿಸೆಂಬರ್ ಇಷ್ಟು ಅನನುಕೂಲವಾಗಿದ್ದರೆ ಪ್ರವಾಸವನ್ನು ಬೇರೆ ತಿಂಗಳಿಗೆ ಹಾಕುವುದು ಮೇಲೇ? ಮತ್ತು ನೀರಿಗಿಳಿಯದ ನನ್ನ ತಾಯಿಯವರಿಗೆ ಉತ್ತರ ತೀರದಲ್ಲಿ ನೋಡುವುದಕ್ಕೆ ಏನಿದೆ?

ಪುಷ್ಪಗಿರಿ ತಪ್ಪಲು (ಉತ್ತರ)

ಅಣ್ಣಾ, ನಾನು ಸೋಮವಾರಪೇಟೆಯ ಕಡೆಯವನು, ಕಾಫಿ ಮತ್ತು ಮೆಣಸು ಬೆಳೆಯುತ್ತೇನೆ. ಉತ್ತರ ತೀರ ಶಾಂತವಾಗಿರುವುದು ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ. ಲೆಕ್ಕಕ್ಕೆ ನೋಡಿದರೆ ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳಲ್ಲಿ ತೋಟದ ಕೆಲಸ ಕಡಿಮೆ, ಆಗಲೇ ಹೋಗಿ ಬರಬಹುದು. ಆದರೆ 2018ರ ನಂತರ ಆ ದಿನಗಳಲ್ಲಿ ಮನೆ ಬಿಟ್ಟು ಸಾಗರದಾಚೆ ಹೋಗಿ ನೆಮ್ಮದಿಯಿಂದಿರುವುದು ಗುಡ್ಡದ ಬದಿಯ ನಮಗೆ ಸಾಧ್ಯವಿಲ್ಲ. ಕುಟುಂಬವೆಲ್ಲ ಒಟ್ಟಿಗೆ ಸೇರುವ ರಜೆಯನ್ನು ನೀವು ಬಿಡಬಾರದು. ಡಿಸೆಂಬರ್‌ನಲ್ಲಿಯೇ ಹೋಗಿರಿ, ಈಜುವ ಆಸೆಯನ್ನು ಮಾತ್ರ ಉತ್ತರದಲ್ಲಿ ಇಟ್ಟುಕೊಳ್ಳಬೇಡಿರಿ. ಅಲ್ಲಿನ ಮಳೆ ಈಶಾನ್ಯದಿಂದ ಬೀಸುವ ಗಾಳಿಯ ಜೊತೆಗೆ ಬರುವುದರಿಂದ ಉತ್ತರ ತೀರ ನೆನೆಯುತ್ತಿರುವಾಗ ದಕ್ಷಿಣದ ಪೋಯಿಪುವಿನಲ್ಲಿ ಹಲವು ಬಾರಿ ಬಿಸಿಲಿರುತ್ತದೆ. ಒಂದೆರಡು ದಿನವನ್ನು ಅದಕ್ಕೆಂದು ಬಿಡುವಾಗಿಟ್ಟುಕೊಳ್ಳಿರಿ.

ತಾಯಿಯವರಿಗೆ ಮೊದಲು ಹನಲೇ ಕಣಿವೆಯನ್ನು ತೋರಿಸಿರಿ. ಪ್ರಿನ್ಸ್‌ವಿಲ್ ಬಳಿ ಹೆದ್ದಾರಿಯ ಪಕ್ಕದಲ್ಲಿಯೇ ವೀಕ್ಷಣಾ ಸ್ಥಳವಿದೆ. ಕೆಳಗೆ ಕಾಣುವುದು ಏರಿ ಕಟ್ಟಿ ನೀರು ನಿಲ್ಲಿಸಿದ ಗದ್ದೆಗಳು, ಗದ್ದೆಗಳ ತುಂಬ ಕೆಸು. ಹವಾಯಿಯ ಮೂಲನಿವಾಸಿಗಳ ಮುಖ್ಯ ಆಹಾರವೇ ಕೆಸುವಿನ ಗೆಡ್ಡೆ. ಅದನ್ನು ಬೇಯಿಸಿ, ಕುಟ್ಟಿ, ಪೋಯಿ ಎಂಬ ಅಂಟಂಟಾದ ತಿನಿಸು ಮಾಡುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ವಲಸೆ ಬಂದ ಚೀನೀಯರು, ಆಮೇಲೆ ಜಪಾನೀಯರು ಇದೇ ಕಣಿವೆಯಲ್ಲಿ ಭತ್ತವನ್ನೂ ಬೆಳೆದಿದ್ದರು. ಈಗ ಆ ಗದ್ದೆಗಳು ವನ್ಯಜೀವಿ ಆಶ್ರಯತಾಣದ ಭಾಗವಾಗಿದ್ದು, ಅಳಿವಿನಂಚಿನ ನೀರುಹಕ್ಕಿಗಳು ಕೆಸುವಿನ ನಡುವೆಯೇ ಗೂಡು ಕಟ್ಟುತ್ತವೆ. ಪತ್ರೊಡೆ ಮಾಡಿದ ಕೈಯವರಿಗೆ ಆ ಎಲೆಗಳ ಪರಿಚಯ ಹೇಳಬೇಕಾದುದಿಲ್ಲ.

ಎರಡು ಎಚ್ಚರಿಕೆಗಳು. ಅಲ್ಲಿನ ತೊರೆಗಳಲ್ಲಿ ಇಲಿ ಜ್ವರದ ಸೋಂಕಿರುತ್ತದೆ. ಕಾಲಿನಲ್ಲಿ ಗಾಯವಿದ್ದರೆ ಮಕ್ಕಳನ್ನು ಹೊಳೆಗೆ ಇಳಿಸಬೇಡಿರಿ. ಮತ್ತು ಮಗಳಿಗೆಂದು ನಮ್ಮ ಕಾಫಿ ಒಯ್ಯುವುದಾದರೆ ಹುರಿದು ಪುಡಿ ಮಾಡಿಸಿದ್ದನ್ನೇ ಒಯ್ಯಿರಿ. ಹಸಿ ಬೀಜ, ಗಿಡ, ಬಳ್ಳಿ ಯಾವುದೂ ಬೇಡ. ಕಾಫಿ ಎಲೆಯ ತುಕ್ಕು ರೋಗ ಹವಾಯಿಯಲ್ಲಿ ಮೊದಲು ಪತ್ತೆಯಾದದ್ದು 2020ರಲ್ಲಿ. ಆ ರೋಗ ಏನು ಮಾಡುತ್ತದೆಂಬುದು ಅರೇಬಿಕಾ ಬೆಳೆದ ನಮಗೆ ಗೊತ್ತು, ಅವರ ತೋಟಗಳಿಗೆ ನಮ್ಮಿಂದ ಇನ್ನೊಂದು ಹೋಗಬಾರದು.

ಹಾರಂಗಿ ತೀರ (ಉತ್ತರ)

ತಾಯಿಯವರ ವಿಷಯದಲ್ಲಿ ಇನ್ನೂ ಸ್ವಲ್ಪ ಸೇರಿಸುತ್ತೇನೆ. ಅವರಿಗೆ ಡಿಸೆಂಬರ್ ಅನನುಕೂಲವಲ್ಲ, ಅದೇ ಒಳ್ಳೆಯ ಕಾಲ. ಕಿಲವೇಯಾ ತುದಿಯಲ್ಲಿ 1913ರ ದೀಪಸ್ತಂಭವಿದೆ, ಅದರ ಸುತ್ತ ಕಡಲಹಕ್ಕಿಗಳ ಆಶ್ರಯತಾಣವಿದೆ. ನವೆಂಬರ್‌ನಿಂದ ಮೋಲಿ ಎಂದು ಕರೆಯುವ ದೊಡ್ಡ ಆಲ್ಬಟ್ರಾಸ್‌ಗಳು ಗೂಡು ಕಟ್ಟಲು ಅಲ್ಲಿಗೆ ಮರಳುತ್ತವೆ. ರೆಕ್ಕೆ ಬಡಿಯದೆ ಬಂಡೆಯಂಚಿನ ಗಾಳಿಯ ಮೇಲೆ ತೇಲಿ, ಕಣ್ಣ ಮಟ್ಟದಲ್ಲಿಯೇ ಹಾದುಹೋಗುತ್ತವೆ. ಹಂಪ್‌ಬ್ಯಾಕ್ ತಿಮಿಂಗಿಲಗಳೂ ಚಳಿಗಾಲದಲ್ಲಿಯೇ ಬರುವುದರಿಂದ, ತಾಳ್ಮೆಯಿದ್ದವರಿಗೆ ದೂರದಲ್ಲಿ ಅವುಗಳ ಉಸಿರಿನ ಬಿಳಿ ಚಿಲುಮೆ ಕಾಣುತ್ತದೆ. ಒಂದು ದುರ್ಬೀನು ತೆಗೆದುಕೊಂಡು ಹೋಗಿರಿ. ಒಳಗೆ ಹೋಗಲು ಮುಂಗಡ ಕಾಯ್ದಿರಿಸಬೇಕು, ವಾರದ ಎಲ್ಲ ದಿನವೂ ತೆರೆದಿರುವುದಿಲ್ಲ. ರಸ್ತೆಯ ಕೊನೆಯಲ್ಲಿ ಬೇಲಿಯ ಹೊರಗಿನಿಂದಲೇ ನೋಡಿದರೂ ದೀಪಸ್ತಂಭವೂ ಹಕ್ಕಿಗಳೂ ಚೆನ್ನಾಗಿ ಕಾಣುತ್ತವೆ.

ಹನಲೇ ಕೊಲ್ಲಿಯಲ್ಲಿ ಸಮುದ್ರದೊಳಗೆ ಚಾಚಿದ ಹಳೆಯ ಕಟ್ಟೆಯಿದೆ, ಅದು ಸಮತಟ್ಟಾಗಿದೆ. ಅರ್ಧಚಂದ್ರಾಕಾರದ ಕೊಲ್ಲಿಯ ಹಿಂದೆ ಬೆಟ್ಟಗಳು ಗೋಡೆಯಂತೆ ನಿಂತಿವೆ, ಮಳೆ ಬಿದ್ದ ಮರುದಿನ ಬೆಟ್ಟದ ಮೈಯ ಮೇಲೆ ಎಣಿಸಲಾಗದಷ್ಟು ಜಲಪಾತಗಳು ಇಳಿಯುತ್ತವೆ. ಸಮುದ್ರ ತೀರಾ ಒರಟಾಗಿರುವ ದಿನ ಕಟ್ಟೆಯ ಮೇಲೂ ಹೋಗಬೇಡಿರಿ. ತೀರದಲ್ಲಿ ಮಾಂಕ್ ಸೀಲ್ ಮಲಗಿರುವುದು ಕಂಡರೆ ಕನಿಷ್ಠ 15 ಮೀಟರ್ ದೂರವಿರಬೇಕು, ಮೊಮ್ಮಕ್ಕಳಿಗೆ ಮೊದಲೇ ಹೇಳಿಡಿರಿ.

ಕೇಎ ತೀರಕ್ಕೂ ಅವರನ್ನು ಕರೆದೊಯ್ಯಬಹುದು. ವಾಹನ ನಿಲ್ಲಿಸುವ ಜಾಗದಿಂದ ಸುಮಾರು ಅರ್ಧ ಕಿಲೋಮೀಟರ್ ನಡಿಗೆ. ಕೆಸುವಿನ ಗದ್ದೆಗಳಿರುವಲ್ಲಿ ನೆಲದಿಂದ ಎತ್ತರಿಸಿದ ಹಲಗೆಯ ಹಾದಿ ಮಾಡಿದ್ದಾರೆ. ಉದ್ಯಾನಕ್ಕೆ ಬಸ್ಸೂ ಇದೆ, ಆದರೆ ಅದಕ್ಕಾಗಿ ಕಾಯುತ್ತ ನಿಲ್ಲುವುದು ಮೊಣಕಾಲು ನೋವಿನವರಿಗೆ ಕಷ್ಟ, ಆದ್ದರಿಂದ ಕಾಯ್ದಿರಿಸುವಾಗ ಬಸ್ಸಿನ ಟಿಕೆಟ್ಟಿಗಿಂತ ವಾಹನ ನಿಲುಗಡೆಯ ಸ್ಥಳಕ್ಕೇ ಮೊದಲು ಪ್ರಯತ್ನಿಸಿರಿ. ಮೊದಲ ದಿನ ಸಿಗದಿದ್ದರೆ ಮರುದಿನ 3.30ಕ್ಕೆ ಮುಂದಿನ ದಿನಾಂಕಕ್ಕೆ ಮತ್ತೆ ನೋಡಿರಿ.